ಬೀಳುವಂತೆ ಬಾರಿಸು

ಕಾರ್ಟೂನಿಗೆ ಮ್ಯೂಸಿಕ್ ಮಾಡುತ್ತೇನೆ ಎಂದರೆ ಚಳ್ಳಕೆರೆಯಲ್ಲಿ ಜನ ಮೊದಲು ನಗುತ್ತಾರೆ. ಆಮೇಲೆ ‘ಅದಕ್ಕೂ ದುಡ್ಡು ಕೊಡ್ತಾರಾ?’ ಅಂತಾರೆ. ಕೊಡುತ್ತಾರೆ, ತಡವಾಗಿ. ಅಪ್ಪ ಊರಿನ ಕಡ್ಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ಅಮ್ಮ ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಮಗ್ಗದ ಮನೆಯವಳು. ನಾನು ಹಳ್ಳಿ ನಾಟಕಗಳಿಗೆ ಹಾರ್ಮೋನಿಯಂ ಒತ್ತುತ್ತ ಶುರುಮಾಡಿ, ಬೆಂಗಳೂರಿನಲ್ಲಿ ಕೀಬೋರ್ಡು ಹೊತ್ತು ಸ್ಟುಡಿಯೊ ಸ್ಟುಡಿಯೊ ಅಲೆದು, ಕೊನೆಗೆ ಬೆಕ್ಕು, ಇಲಿ, ಕತ್ತೆ, ಕೋಣಗಳ ಬೆನ್ನಿಗೆ ಬಿದ್ದೆ. ಇಪ್ಪತ್ತೈದು ವರ್ಷ ಕಳೆಯಿತು. ಈಗ ಊರಿಗೇ ವಾಪಸು ಬಂದು ಮನೆಯ ಮಹಡಿ ಮೇಲಿನ ಕೋಣೆಗೆ ಹಾಸಿಗೆ ಹೊದಿಸಿ ಅದನ್ನೇ ಸ್ಟುಡಿಯೊ ಅಂತ ಕರೆಯುತ್ತಿದ್ದೇನೆ. ಮೊನ್ನೆ ಕೆಲಸ ಕಲಿಯಲು ಬಂದ ಹುಡುಗ ‘ಸರ್, ಒಂದೆರಡು ಟಿಪ್ಸ್ ಕೊಡಿ’ ಅಂದ. ಟಿಪ್ಸು ಹೋಟೆಲಿನಲ್ಲಿ ಕೊಡುವಂಥದ್ದು. ನನ್ನ ಹತ್ತಿರ ಇರುವುದು ಇಷ್ಟು.

1. ಬಿದ್ದ ಮೇಲೆ ಬಾರಿಸಬೇಡ

ನಾನು ನೋಡಿದ ಮೊದಲ ಕಾರ್ಟೂನು ತೊಗಲಿನದು. ಸುಗ್ಗಿ ಮುಗಿದ ಮೇಲೆ ರಾಯದುರ್ಗದ ಕಡೆಯಿಂದ ಒಂದು ಗೊಂಬೆ ಮೇಳ ಬರುತ್ತಿತ್ತು. ಗಂಡ, ಹೆಂಡತಿ, ಅಣ್ಣತಮ್ಮ, ಸೊಸೆ ಎಲ್ಲ ಸೇರಿ ಒಂದೇ ಸಂಸಾರ. ಅರ್ಧ ಕನ್ನಡ, ಅರ್ಧ ತೆಲುಗು. ಮಳೆ ಕೈಕೊಟ್ಟ ವರ್ಷ ಊರವರೇ ಚಂದಾ ಎತ್ತಿ ಕರೆಸುತ್ತಿದ್ದರು, ಗೊಂಬೆ ಆಡಿಸಿದರೆ ಮಳೆ ಬರುತ್ತದೆ ಅಂತ. ಬಿಳಿ ಪರದೆ, ಹಿಂದೆ ದೀಪ, ಆಡಿನ ಚರ್ಮದ ರಾವಣ, ಬೆಳಗಿನ ಜಾವದವರೆಗೆ ಕತೆ. ನಡುನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಬಂದು ಜಗಳ ತೆಗೆದರೆ ಮಲಗಿದ್ದ ಮಕ್ಕಳೂ ಎದ್ದು ಕೂರುತ್ತಿದ್ದವು.

ನನಗೆ ಹದಿನಾಲ್ಕು ವರ್ಷ ಇದ್ದಾಗ ಒಂದು ರಾತ್ರಿ ಮೇಳದ ಹಾರ್ಮೋನಿಯಂನವರಿಗೆ ಜ್ವರ. ‘ಮೇಷ್ಟ್ರ ಹತ್ರ ಕಲೀತಾನೆ’ ಅಂತ ಯಾರೋ ನನ್ನನ್ನು ಪರದೆಯ ಹಿಂದಕ್ಕೆ ನೂಕಿದರು. ಮುಂದಿನಿಂದ ನೋಡುವಾಗ ಕಿಳ್ಳೇಕ್ಯಾತ ಧೊಪ್ಪನೆ ಬೀಳುತ್ತಿದ್ದ, ನೆಲ ಅದುರಿದಂತೆ ಅನಿಸುತ್ತಿತ್ತು. ಹಿಂದಿನಿಂದ ನೋಡಿದರೆ ಅವನು ಒಣ ಎಲೆಯ ಹಾಗೆ ಹಗುರ. ಬಂಗಾರಕ್ಕ ಒನಕೆ ಎತ್ತಿದಳು, ಇವನು ಬಿದ್ದ, ನಾನು ಬಿದ್ದದ್ದನ್ನು ನೋಡಿ ಗಡಬಡಿಸಿ ಒಂದು ಸ್ವರ ಒತ್ತಿದೆ. ಜನ ನಗಲಿಲ್ಲ. ಗೊಂಬೆ ಹಿಡಿದಿದ್ದ ಯಜಮಾನ ತಿರುಗಿಯೂ ನೋಡದೆ ಹೇಳಿದ: ‘ಬಿದ್ದ ಮ್ಯಾಲೆ ಬಾರಿಸ್ಬ್ಯಾಡ ಕಣಲೇ. ಬೀಳಂಗೆ ಬಾರ್ಸು.’

ಎರಡನೆಯ ಸಲ ಅವನ ಹೆಂಡತಿಯ ಕಾಲನ್ನು ನೋಡುತ್ತ ಕೂತೆ. ಅವಳ ಕಾಲಡಿ ಎರಡು ಹಲಗೆ. ಬಂಗಾರಕ್ಕನ ಒನಕೆ ಏಳುವಾಗಲೇ ಅವಳ ದನಿ ಏರಲು ಶುರು. ಒನಕೆ ತುದಿಗೆ ಹೋದಾಗ ದನಿ ಗಪ್ಪನೆ ನಿಂತಿತು. ಒಂದು ಉಸಿರಿನಷ್ಟು ಬರಿದು. ಆಮೇಲೆ ಹಲಗೆ ಠಪ್ ಅಂದಿತು. ಅಷ್ಟರೊಳಗೆ ಮುಂದೆ ಕೂತವರೆಲ್ಲ ಹೆಗಲು ಕುಗ್ಗಿಸಿಕೊಂಡಿದ್ದರು. ತೊಗಲಿಗೆ ತೂಕ ಬಂದದ್ದು ಹೀಗೆ: ಏರುವ ದನಿಯಲ್ಲಿ ಅರ್ಧ, ಬರಿದಿನಲ್ಲಿ ಉಳಿದರ್ಧ. ಹಲಗೆ ಬರೀ ರಶೀದಿ.

ಬರೆದ ಬೆಕ್ಕಿಗೂ ಇದೇ ಕಷ್ಟ. ಅದು ಗೆರೆ. ಗೆರೆಗೆ ಮೂಳೆಯಿಲ್ಲ, ಮಾಂಸವಿಲ್ಲ. ಅದು ಎಷ್ಟು ಕೆಜಿ ಅನ್ನುವುದನ್ನು ಹೇಳಬೇಕಾದವನು ಸಂಗೀತದವನು. ಬೀಳುವುದಕ್ಕೆ ಮುಂಚಿನ ಅರ್ಧ ಸೆಕೆಂಡು ನಿನ್ನದು, ಬಿದ್ದ ಮೇಲಿನದು ಯಾರದಾದರೂ ಆಗಲಿ. ಹಳೆಯ ಆನಿಮೇಶನ್‌ನವರಲ್ಲಿ ಒಂದು ರೂಢಿಯೂ ಇದೆ: ಪೆಟ್ಟಿನ ಚಿತ್ರ ಬಂದು ಎರಡು ಫ್ರೇಮು ಆದ ಮೇಲೆ ಪೆಟ್ಟಿನ ಸದ್ದು ಕೂರಿಸಿದರೆ ಕಣ್ಣಿಗೂ ಕಿವಿಗೂ ಸರಿಹೋಗುತ್ತದೆ. ಸದ್ದು ಮುಂದಾದರೆ ಮೋಸ ಬಯಲಾಗುತ್ತದೆ. ಆ ಎರಡು ಫ್ರೇಮನ್ನು ಗೊಂಬೆಯವಳ ಹಿಮ್ಮಡಿ ಯಾವ ಪಟ್ಟಿಯೂ ಇಲ್ಲದೆ ಹಾಕುತ್ತಿತ್ತು.

ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಂಗಭೂಮಿಯಿಂದ ಬಂದು ತೊಗಲಿನಲ್ಲಿ ಗಾಂಧಿಯನ್ನೇ ನಡೆಸಿದರು. ಅವರನ್ನು ನೆನೆದಾಗಲೆಲ್ಲ ನನಗೆ ಹೊಳೆಯುವುದು ಕಸುಬಿನ ಪ್ರಶ್ನೆಯೇ: ರಾವಣನ ನಡಿಗೆಗೆ ಹೊಂದಿಕೊಂಡ ತಾಳದಲ್ಲಿ ಗಾಂಧಿ ನಡೆಯುವುದು ಹೇಗೆ? ಕೋಲು ಊರುವ ಹೆಜ್ಜೆಗೆ ಬೇರೆ ತೂಕ ಬೇಕಲ್ಲ? ಕೇಳಬೇಕು ಅಂತಲೇ ವರ್ಷಗಳು ಹೋದವು. 2023ರ ಏಪ್ರಿಲ್‌ನಲ್ಲಿ ನಮ್ಮದೇ ಚಳ್ಳಕೆರೆ ತಾಲ್ಲೂಕಿನಲ್ಲಿ, ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು.

2. ಮೊದಲು ಲೆಕ್ಕ, ಆಮೇಲೆ ಸ್ವರ

ಕೊಂಡ್ಲಹಳ್ಳಿಯ ಅಜ್ಜಿ ಮನೆಯಲ್ಲಿ ಗುಣಿ ಮಗ್ಗ. ಮಾವ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವ ಸದ್ದು, ಹಣಿಗೆ ಬಡಿಯುವ ಸದ್ದು, ಕಾಲ್ಮಣೆ ಒತ್ತುವ ಸದ್ದು. ಬೇಸಿಗೆ ರಜೆಯಲ್ಲಿ ಮಧ್ಯಾಹ್ನ ಮಲಗಿದಲ್ಲೇ ಆ ಮೂರನ್ನೂ ಎಣಿಸುತ್ತಿದ್ದೆ. ಮೊಳಕಾಲ್ಮೂರು ಸೀರೆಯ ಅಂಚಿನಲ್ಲಿ ನವಿಲೋ ಹಣ್ಣೋ ಮೂಡಬೇಕಾದರೆ ಎಷ್ಟನೆಯ ಹೊಕ್ಕಿಗೆ ಯಾವ ಎಳೆ ಏಳಬೇಕು ಎನ್ನುವುದು ಮಾವನಿಗೆ ಬಾಯಿಪಾಠ. ಒಂದು ಎಳೆ ತಪ್ಪಿದರೆ ನವಿಲಿಗೆ ಕೊಕ್ಕಿಲ್ಲ. ಕಾರ್ಟೂನಿನ ಸಂಗೀತ ಕೂಡ ಇಂಥದೇ ಹಾಸು ಹೊಕ್ಕು ಅಂತ ಆಮೇಲೆ ಗೊತ್ತಾಯಿತು.

ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮು. 12 ಫ್ರೇಮಿಗೊಂದು ಪೆಟ್ಟು ಹಾಕಿದರೆ ನಿಮಿಷಕ್ಕೆ 120 ಪೆಟ್ಟು, 8 ಫ್ರೇಮಿಗೊಂದು ಹಾಕಿದರೆ 180. ಹಳೆಯ ಕಾರ್ಟೂನು ಒಂದೊಂದೂ ಸುಮಾರು ಏಳು ನಿಮಿಷ. ಏಳು ನಿಮಿಷ ಅಂದರೆ 10,080 ಫ್ರೇಮು. 12ರ ಲೆಕ್ಕಕ್ಕೆ 840 ಪೆಟ್ಟು, ಆದಿತಾಳದಲ್ಲಿ 105 ಆವರ್ತ. ಇಷ್ಟು ಗೊತ್ತಾದರೆ ಭಯ ಅರ್ಧ ಹೋಗುತ್ತದೆ.

ಉಳಿದರ್ಧಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಮೇಜಿನ ಮೇಲೆ ಈಗಲೂ ಇರುವ ಸೀನು. ನೆಲುವಿನಲ್ಲಿ ಮಜ್ಜಿಗೆ ಗಡಿಗೆ ತೂಗುತ್ತಿದೆ, ಕೆಳಗೆ ಬೆಕ್ಕು ಬರುತ್ತದೆ. ಹೆಜ್ಜೆಗೆ 16 ಫ್ರೇಮಿನಂತೆ ಆರು ಹೆಜ್ಜೆ: 96 ಫ್ರೇಮು. ನಿಂತು ತಲೆಯೆತ್ತಿ ನೋಡುವುದಕ್ಕೆ 24. ಜಿಗಿಯುವ ಮುಂಚೆ ಕುಗ್ಗುವುದಕ್ಕೆ 12. ಜಿಗಿತಕ್ಕೆ 8. ಇದನ್ನೆಲ್ಲ 8 ಫ್ರೇಮಿನ ಪೆಟ್ಟಿಗೆ ಭಾಗಿಸಿದೆ. ನಡಿಗೆಗೆ 12 ಪೆಟ್ಟು ಸರಿ, ನೋಟಕ್ಕೆ 3 ಸರಿ, ಕುಗ್ಗುವುದಕ್ಕೆ ಒಂದೂವರೆ! ಅಲ್ಲೇ ತಾಳ ಮುರಿಯಿತು. ಆ ಅರ್ಧ ಪೆಟ್ಟನ್ನು ಮುಚ್ಚಲು ಎರಡು ದಿನ ಒದ್ದಾಡಿದೆ. ಮೃದಂಗದ ಮುಕ್ತಾಯ ಹಾಕಿದೆ, ತೆಗೆದೆ, ಪಿಟೀಲು ಜಾರಿಸಿದೆ, ತೆಗೆದೆ. ಮೂರನೆಯ ದಿನ ನಿರ್ದೇಶಕರಿಗೆ ಫೋನು ಮಾಡಿ ‘ಬೆಕ್ಕು ಇನ್ನು ನಾಲ್ಕು ಫ್ರೇಮು ಜಾಸ್ತಿ ಕುಗ್ಗಬಹುದಾ?’ ಅಂತ ಕೇಳಿದೆ. ಸೆಕೆಂಡಿನ ಆರನೆಯ ಒಂದು ಭಾಗ. ಅವರು ನಕ್ಕು ಕೊಟ್ಟುಬಿಟ್ಟರು. 12, 3, 2, 1 ಸೇರಿ ಹದಿನೆಂಟು ಪೆಟ್ಟು. ಮೂರಾರಲಿ ಹದಿನೆಂಟು, ತಿಶ್ರ ನಡೆ ತಾನಾಗಿಯೇ ಕೂತುಕೊಂಡಿತು. ಬೆಕ್ಕಿನ ನಡಿಗೆಗೊಂದು ಠೀವಿಯೂ ಬಂತು. ಎರಡು ದಿನದ ಒದ್ದಾಟಕ್ಕೆ ಒಂದು ಫೋನು ಕಡಿಮೆ ಖರ್ಚು.

3. ಇಪ್ಪತ್ನಾಲ್ಕೋ ಇಪ್ಪತ್ತೈದೋ ಕೇಳು

ನಮ್ಮ ದೇಶದ ಟಿವಿ ಓಡುವುದು ಸೆಕೆಂಡಿಗೆ 25 ಫ್ರೇಮಿನಲ್ಲಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ. ಒಂದು ಸ್ಟುಡಿಯೊ 24ರಲ್ಲಿ ಮಾಡಿದ ಚಿತ್ರವನ್ನು ನನಗೆ ಕೊಟ್ಟು, ಚಾನೆಲ್‌ಗೆ ಕಳಿಸುವಾಗ 25ಕ್ಕೆ ಓಡಿಸಿ ಕಳಿಸಿತು. ನನ್ನ ಸಂಗೀತ ಮಾತ್ರ ಮೊದಲಿನ ವೇಗದಲ್ಲೇ ಉಳಿಯಿತು. ನಿಮಿಷಕ್ಕೆ ಬರೀ 2.4 ಸೆಕೆಂಡು ವ್ಯತ್ಯಾಸ. ಆದರೆ ಏಳು ನಿಮಿಷ ಮುಗಿಯುವ ಹೊತ್ತಿಗೆ ಹದಿನೇಳು ಸೆಕೆಂಡಿಗೆ ಹತ್ತಿರ. ಚಿತ್ರದಲ್ಲಿ ಕರಡಿ ಜೇನು ತಿಂದು ಮಲಗಿ ಗೊರಕೆ ಹೊಡೆಯುತ್ತಿದೆ, ಹಿನ್ನೆಲೆಯಲ್ಲಿ ನನ್ನ ಜೇನುಹುಳಗಳು ಇನ್ನೂ ಅಟ್ಟಿಸಿಕೊಂಡು ಹೋಗುತ್ತಿವೆ. ಸರಿಪಡಿಸಲು ಹೋಗಿ ಸಂಗೀತವನ್ನೂ ಶೇಕಡಾ ನಾಲ್ಕರಷ್ಟು ವೇಗ ಮಾಡಿದರು. ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಮುಕ್ಕಾಲು ಮನೆಯಷ್ಟು ಏರಿ, ಕರಡಿಗೆ ಹಾಡಿದ ದೊಡ್ಡ ಗಂಟಲಿನ ಗಾಯಕರು ಯಾರೋ ಕಿವಿ ಹಿಂಡಿದಂತೆ ಕೇಳಿಸಿದರು. ಅವರು ನನ್ನ ಹತ್ತಿರ ಒಂದು ವರ್ಷ ಮಾತಾಡಲಿಲ್ಲ.

4. ಮನೆ ನೋಡಬೇಡ, ಪರದೆ ನೋಡು

ನಮ್ಮ ಕಡೆ ‘ಕುರುಕ್ಷೇತ್ರ’ ನಾಟಕ ಕಟ್ಟದ ಹಳ್ಳಿ ಇಲ್ಲ. ಅದರಲ್ಲಿ ಕೃಷ್ಣನಿಗಿಂತ ದೊಡ್ಡವರು ಹಾರ್ಮೋನಿಯಂ ಮೇಷ್ಟ್ರು. ಭೀಮ ಮಾತು ಮರೆತರೆ ಅವರೊಂದು ಆಲಾಪ ಹಾಕಿ ಹೊತ್ತು ಕಳೆಯಬೇಕು. ದುರ್ಯೋಧನ ಕುಡಿದು ಬಂದು ಅರ್ಧ ಪದ್ಯ ಹಾರಿಸಿದರೆ ಅವರೂ ಅಲ್ಲಿಗೇ ಹಾರಬೇಕು. ನನ್ನ ಮೇಷ್ಟ್ರು ಹಾರ್ಮೋನಿಯಂನ ಮನೆಗಳನ್ನು ನೋಡಿದ್ದನ್ನು ನಾನು ಕಂಡಿಲ್ಲ. ಕಣ್ಣು ಯಾವಾಗಲೂ ರಂಗದ ಮೇಲೆ. ನಾನು ಬೆರಳು ನೋಡಿಕೊಂಡರೆ ಮಂಡಿಗೆ ಒದೆಯುತ್ತಿದ್ದರು.

ಕಾರ್ಟೂನ್ ಸಂಗೀತದ ಹಿರಿಯ ಕಾರ್ಲ್ ಸ್ಟಾಲಿಂಗ್ ಕೂಡ ಇಂಥದೇ ಗರಡಿಯಿಂದ ಬಂದವರು ಅಂತ ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. 1891ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಹುಟ್ಟಿದ ಅವರು ಕ್ಯಾನ್ಸಸ್ ಸಿಟಿಯ ಚಿತ್ರಮಂದಿರದಲ್ಲಿ ಮೂಕಿ ಸಿನಿಮಾಗಳಿಗೆ ಆರ್ಗನ್ ನುಡಿಸುತ್ತಿದ್ದರು. ಪರದೆಯಲ್ಲಿ ಕುದುರೆ ಓಡಿದರೆ ಬೆರಳೂ ಓಡಬೇಕು, ರೀಲು ಹರಿದರೆ ಹೊಲಿಯುವವರೆಗೆ ಏನಾದರೂ ನುಡಿಸುತ್ತಿರಬೇಕು. ಅದೇ ಊರಿನಲ್ಲಿ ಪರಿಚಯವಾದ ವಾಲ್ಟ್ ಡಿಸ್ನಿ 1928ರಲ್ಲಿ ಮಿಕ್ಕಿ ಮೌಸ್‌ನ ಮೂಕಿ ಚಿತ್ರಗಳಿಗೆ ಸಂಗೀತ ಬೇಕು ಅಂತ ಅವರನ್ನೇ ಹಿಡಿದರು. 1930ರಲ್ಲಿ ಸ್ಟಾಲಿಂಗ್ ಡಿಸ್ನಿಯನ್ನು ಬಿಟ್ಟರು. 1936ರಲ್ಲಿ ವಾರ್ನರ್ ಬ್ರದರ್ಸ್ ಸೇರಿ 1958ರಲ್ಲಿ ನಿವೃತ್ತರಾಗುವವರೆಗೆ, ಇಪ್ಪತ್ತೆರಡು ವರ್ಷ, ಬಗ್ಸ್ ಬನ್ನಿ, ಡ್ಯಾಫಿ ಡಕ್‌ಗಳ ಬೆನ್ನಿಗಿದ್ದವರು ಅವರೇ. ಹೆಚ್ಚುಕಡಿಮೆ ವಾರಕ್ಕೊಂದು ಚಿತ್ರ. ವಾದ್ಯಗಾರರ ಕಿವಿಗೆ ಒಂದೇ ಸಮನೆ ‘ಟಿಕ್ ಟಿಕ್’ ಕೇಳಿಸಿ ಅದಕ್ಕೆ ನುಡಿಸುವ ಪದ್ಧತಿಯನ್ನು ರೂಢಿಗೆ ತಂದವರಲ್ಲೂ ಅವರು ಮೊದಲಿಗರು. ಇವತ್ತು ಯಾವ ಸ್ಟುಡಿಯೊಗೆ ಹೋದರೂ ಕಿವಿಯಲ್ಲಿ ಬಡಿಯುವ ಕ್ಲಿಕ್ ಅದರ ಮೊಮ್ಮಗ.

ವಾರಕ್ಕೊಂದು ಅನ್ನುವುದನ್ನು ಮತ್ತೊಮ್ಮೆ ಓದಿಕೊಳ್ಳಿ. ಸ್ಫೂರ್ತಿ ಬರಲಿ ಅಂತ ಕಾಯುವವರಿಗೆ ಈ ಕೆಲಸವಲ್ಲ. ನಮ್ಮ ತಾಲ್ಲೂಕಿನ ತಳುಕಿನವರಾದ ತರಾಸು ‘ಹಂಸಗೀತೆ’ಯಲ್ಲಿ ಕಲೆಗಾಗಿ ನಾಲಿಗೆಯನ್ನೇ ಕತ್ತರಿಸಿಕೊಳ್ಳುವ ಸಂಗೀತಗಾರನನ್ನು ಚಿತ್ರಿಸಿದ್ದಾರೆ. ಆ ಕಾದಂಬರಿ ಓದಿ ನಾನೂ ಒಂದು ವಾರ ಊಟ ಬಿಟ್ಟಿದ್ದೆ. ಆದರೆ ಬೆಕ್ಕಿಗಾಗಿ ಯಾರೂ ನಾಲಿಗೆ ಕತ್ತರಿಸಿಕೊಳ್ಳುವುದಿಲ್ಲ. ಶುಕ್ರವಾರ ಬಂದರೆ ಶುಕ್ರವಾರದ್ದನ್ನು ಕೊಡಬೇಕು.

5. ಹಾಡು ಮೊದಲೋ ಚಿತ್ರ ಮೊದಲೋ, ಕೂತಾಗಲೇ ತೀರ್ಮಾನವಾಗಲಿ

ಡಿಸ್ನಿಗೂ ಸ್ಟಾಲಿಂಗ್‌ಗೂ ಇದ್ದ ಜಗಳ ಇದೇ. ಮಿಕ್ಕಿ ಚಿತ್ರದಲ್ಲಿ ಆಟ ಮೊದಲು, ಸಂಗೀತ ಅದರ ಹಿಂದೆ. ಹಾಗಾದರೆ ಸಂಗೀತವೇ ಮೊದಲಾಗಿ ಚಿತ್ರ ಅದಕ್ಕೆ ಕುಣಿಯುವ ಒಂದು ಸರಣಿಯೂ ಇರಲಿ ಅಂತ ಸ್ಟಾಲಿಂಗ್ ಸೂಚಿಸಿದರು. ಹಾಗೆ ಹುಟ್ಟಿದ್ದು ಸಿಲ್ಲಿ ಸಿಂಫನಿ. ಅದರಲ್ಲಿ ಮೊದಲನೆಯದು 1929ರ ‘ದ ಸ್ಕೆಲಿಟನ್ ಡಾನ್ಸ್’, ಸ್ಮಶಾನದಲ್ಲಿ ಅಸ್ಥಿಪಂಜರಗಳ ಕುಣಿತ.

ನಮ್ಮ ದೇಶದಲ್ಲಿ ಹಾಡು ಮೊದಲಿನದೇ ಹೆಚ್ಚು. ದೂರದರ್ಶನದಲ್ಲಿ ಬರುತ್ತಿದ್ದ ‘ಏಕ್ ಅನೇಕ್ ಔರ್ ಏಕ್ತಾ’ ನಮ್ಮ ಕಾಲದ ಮಕ್ಕಳಿಗೆಲ್ಲ ಗೊತ್ತು. 1974ರದ್ದು, ವಿಜಯಾ ಮುಳೆ ನಿರ್ದೇಶನ, ವಸಂತ ದೇಸಾಯಿ ಸಂಗೀತ. ಹಿಂದಿ ಬಾರದ ಚಳ್ಳಕೆರೆಯಲ್ಲೂ ಅದರ ಮಟ್ಟು ಹುಡುಗರ ಬಾಯಲ್ಲಿತ್ತು. ಎರಡು ದಾರಿಯೂ ಸರಿ. ಅರ್ಧ ಚಿತ್ರ ಬರೆದ ಮೇಲೆ ದಾರಿ ಬದಲಿಸುವವರ ಹತ್ತಿರ ಮಾತ್ರ ಮುಂಗಡ ಇಸ್ಕೊಂಡಿರು.

6. ಗೊತ್ತಿರುವ ಮಟ್ಟಿಗೆ ಆಯುಷ್ಯ ಕಡಿಮೆ

ವಾರ್ನರ್‌ನವರ ಕೈಯಲ್ಲಿ ಆಗಿನ ಜನಪ್ರಿಯ ಹಾಡುಗಳ ದೊಡ್ಡ ಭಂಡಾರವೇ ಇತ್ತು. ಸ್ಟಾಲಿಂಗ್ ಅದನ್ನು ಬೊಗಸೆ ಬೊಗಸೆ ಬಳಸಿದರು. ಪರದೆ ಮೇಲೆ ಊಟ ಬಂದರೆ ಹೆಸರಿನಲ್ಲಿ ತಿಂಡಿ ಇರುವ ಹಾಡು, ಕೆಂಪು ಬಟ್ಟೆಯವಳು ಬಂದರೆ ಹೆಸರಿನಲ್ಲಿ ಕೆಂಪು ಇರುವ ಹಾಡು. ಹಾಡು ಗೊತ್ತಿದ್ದವರು ಎರಡು ಸಲ ನಗುತ್ತಿದ್ದರು. ಈಗ ನೋಡುವ ಮಕ್ಕಳಿಗೆ ಆ ಹಾಡು ಗೊತ್ತಿಲ್ಲ, ಆದರೂ ನಗುತ್ತಾರೆ. ಹಾಗಾಗಿ ಮಟ್ಟು ಹಾಡಿನ ನೆಂಟಸ್ತಿಕೆ ಕಳಚಿಕೊಂಡ ಮೇಲೂ ತನ್ನ ಕಾಲ ಮೇಲೆ ನಿಲ್ಲುತ್ತದೆಯೇ ನೋಡಿಕೊಳ್ಳಬೇಕು. ನಾನು ಒಮ್ಮೆ ಹಳೆಯ ಸಿನಿಮಾ ಹಾಡೊಂದರ ಎರಡು ಸಾಲಿನ ಮಟ್ಟನ್ನು ಕತ್ತೆಯ ಪ್ರೇಮಕ್ಕೆ ಹಾಕಿದ್ದೆ. ದೊಡ್ಡವರು ಬಿದ್ದು ಬಿದ್ದು ನಕ್ಕರು. ಮಕ್ಕಳು ದೊಡ್ಡವರ ಮುಖ ನೋಡಿದರು. ಹಕ್ಕಿನವರು ಕೇಳಿದ ಮೊತ್ತ ನೋಡಿ ನಿರ್ಮಾಪಕರು ನನ್ನ ಮುಖ ನೋಡಿದರು.

ಆಗ ಹುಡುಕಿಕೊಂಡದ್ದು ಯಾರಿಗೂ ಬಾಡಿಗೆ ಕೊಡಬೇಕಿಲ್ಲದ, ಎಲ್ಲರಿಗೂ ಗೊತ್ತಿರುವ ಮಟ್ಟು: ಸರಳೆ ವರಸೆ. ಬೆಕ್ಕು ಮೆಟ್ಟಿಲು ಹತ್ತುವಾಗ ಮಾಯಾಮಾಳವಗೌಳದಲ್ಲಿ ಸ ರಿ ಗ ಮ ಪ ದ ನಿ. ಕೊನೆಯ ಮೆಟ್ಟಿಲಿಲ್ಲ. ಮೇಲಿನ ಸ ಕೂಡ ಇಲ್ಲ. ಸಂಗೀತದ ಪಾಠಕ್ಕೆ ಅಳುತ್ತ ಹೋದ ಮಕ್ಕಳಿಗೆಲ್ಲ ಆ ಕಾಣೆಯಾದ ಸ ಎಲ್ಲಿ ಹೋಯಿತು ಅಂತ ಗೊತ್ತಾಗಿ ಬೆಕ್ಕು ಬೀಳುವ ಮುಂಚೆಯೇ ನಗು ಶುರುವಾಗುತ್ತಿತ್ತು. ನೋಡಿ, ಮತ್ತೆ ಅದೇ ಒನಕೆಯ ಲೆಕ್ಕ.

ಮಟ್ಟು ಜ್ಞಾಪಕದ ಗೂಟ ಅನ್ನುವುದಕ್ಕೆ ನಮ್ಮ ತಾಲ್ಲೂಕಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಅಷ್ಟೊಂದು ಪದಗಳನ್ನು ಕಂಠದಲ್ಲಿ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಅವನ್ನು ‘ಸಾವಿರದ ಸಿರಿ ಬೆಳಗು’ ಅಂತ ಪುಸ್ತಕ ಮಾಡಿದರು. ಮೂರೋ ನಾಲ್ಕೋ ಸ್ವರದಲ್ಲಿ ತಿರುಗುವ ಮಟ್ಟಿನ ಮೇಲೆ ಒಂದಿಡೀ ರಾತ್ರಿಯ ಕತೆ ನಿಲ್ಲುತ್ತದೆ. ಏಳು ನಿಮಿಷಕ್ಕೆ ಹದಿನಾರು ಮಟ್ಟು ಹಾಕುವ ನಾವು ಅದನ್ನು ಆಗಾಗ ಕೇಳಬೇಕು.

7. ವಾದ್ಯಕ್ಕೆ ಒಡೆಯ ಇರುತ್ತಾನೆ

ಉರುಮೆಯ ಸದ್ದು ಕೇಳಿದ್ದೀರಾ? ಒಂದು ಕಡೆ ಕೋಲಿನಿಂದ ಬಡಿಯುವುದು, ಇನ್ನೊಂದು ಕಡೆ ಬಾಗಿದ ಕೋಲಿನಿಂದ ಚರ್ಮವನ್ನು ಉಜ್ಜುವುದು. ಉಜ್ಜಿದಾಗ ಹೊರಡುವ ಆ ‘ಗುಂಯ್ಞ್’ ಎನ್ನುವ ನರಳಿಕೆ ಕಾರ್ಟೂನಿಗೇ ಹುಟ್ಟಿದ್ದು ಅಂತ ನನಗೆ ಮೊದಲಿನಿಂದ ಆಸೆ. ಜಾತ್ರೆಗಳಲ್ಲಿ ದೇವರ ಮುಂದೆ ಬಾರಿಸುವ ಉರುಮೆಯವರೊಬ್ಬರನ್ನು ಕೇಳಿದೆ. ಸಂತೋಷವಾಗಿ ಬಂದು ಕೋಣ ನರಳುವುದಕ್ಕೆ ಒಂದು ಗಂಟೆ ಉಜ್ಜಿ ಕೊಟ್ಟರು. ‘ಕ್ವಾಣ ಹಿಂಗೇ ಒದ್ರೋದು’ ಅಂತ ತಾವೇ ತಿದ್ದಿದರು.

ಅದೇ ಧೈರ್ಯದಲ್ಲಿ ಗಣೆಯವರ ಹತ್ತಿರ ಹೋದೆ. ಗಣೆ ಅಂದರೆ ಕಾಡುಗೊಲ್ಲರ ಉದ್ದನೆಯ ಬಿದಿರ ಕೊಳಲು. ಜುಂಜಪ್ಪನ ಕಾವ್ಯ ಹಾಡುವಾಗ ಊದುವುದು. ಅದರಲ್ಲಿ ಸ್ವರಕ್ಕಿಂತ ಉಸಿರು ಜಾಸ್ತಿ, ಬಯಲು ಸೀಮೆಯ ಗಾಳಿಯೇ ಬಿದಿರಿಗೆ ಹೊಕ್ಕಂತೆ. ಬೆಕ್ಕು ಗುಡ್ಡದ ಮೇಲೆ ಒಂಟಿಯಾಗಿ ಕೂತ ಸೀನಿಗೆ ಅದೇ ಬೇಕು ಅನಿಸಿತ್ತು. ಮೈಕು ಹಿಡಿದು ಹಟ್ಟಿಗೆ ಹೋದೆ. ಮಜ್ಜಿಗೆ ಕೊಟ್ಟರು, ಕೂರಿಸಿದರು, ಮೊಬೈಲಿನಲ್ಲಿ ಬೆಕ್ಕನ್ನೂ ನೋಡಿದರು. ಆಮೇಲೆ ಹಿರಿಯರು ಗಣೆಯನ್ನು ಬಟ್ಟೆಗೆ ಸುತ್ತುತ್ತ ಹೇಳಿದರು: ‘ಇದು ಜುಂಜಪ್ಪನ್ದು ಸ್ವಾಮಿ. ಆತನ ಕತಿಗೆ ಊದ್ತೀನಿ. ಬೆಕ್ಕಿಗೆ ಹೆಂಗ್ ಊದ್ಲಿ?’ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕಡೆ ಉತ್ತರವೂ ಇರಲಿಲ್ಲ. ಮನೆಗೆ ಬಂದು ಖಾಲಿ ಎಣ್ಣೆ ಸೀಸೆಗಳ ಬಾಯಿಗೆ ಊದಿ ಗಾಳಿ ಮಾಡಿಕೊಂಡೆ. ಕಡ್ಲೆಕಾಯಿ ಎಣ್ಣೆಯ ಜಿಡ್ಡಿಗೆ ಸದ್ದು ಸ್ವಲ್ಪ ಮೊಂಡಾಗಿ ಬಂತು, ಅದೂ ಚೆನ್ನಾಗಿಯೇ ಇತ್ತು.

ರಾತ್ರಿಯಿಡೀ ಮಾದರಿ ಸದ್ದುಗಳನ್ನು ಇಳಿಸಿಕೊಂಡು ಕೂರುವ ಹುಡುಗರಿಗೆ ಈ ಪಾಠ ಹಿಡಿಸುವುದಿಲ್ಲ. ‘ಯಾರಿಗೆ ಗೊತ್ತಾಗುತ್ತೆ ಸರ್?’ ಅಂತಾರೆ. ಬೆಂಗಳೂರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ನಿಜ.

8. ಕಷ್ಟದ ಸಂಗೀತವನ್ನು ನಗುವಿನ ಅಡಿಯಲ್ಲಿ ಬಚ್ಚಿಡು

ಸ್ಕಾಟ್ ಬ್ರ್ಯಾಡ್ಲಿ ಹುಟ್ಟಿದ್ದೂ ಸ್ಟಾಲಿಂಗ್ ಹುಟ್ಟಿದ 1891ರಲ್ಲೇ. ಸ್ವಭಾವ ಮಾತ್ರ ಪೂರ್ತಿ ಬೇರೆ. ಎಂಜಿಎಂನಲ್ಲಿ 1957ರವರೆಗೆ ಟಾಮ್ ಅಂಡ್ ಜೆರ್‍ರಿಗೆ ಸಂಗೀತ ಕೊಟ್ಟವರು ಇವರು. ಅಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಮಾತಿನ ಕೆಲಸವನ್ನೂ ಸಂಗೀತವೇ ಮಾಡಬೇಕು. ಬ್ರ್ಯಾಡ್ಲಿಗೆ ಗೊತ್ತಿರುವ ಹಾಡು ಅಂಟಿಸುವುದು ಅಷ್ಟಾಗಿ ಸೇರುತ್ತಿರಲಿಲ್ಲ, ಹೊಸದಾಗಿ ಬರೆಯಬೇಕು ಅನ್ನುವ ಹಟ. ಯುರೋಪಿನ ವಿದ್ವಾಂಸರು ತಲೆ ಕೆಡಿಸಿಕೊಳ್ಳುತ್ತಿದ್ದ ಷೋನ್‌ಬರ್ಗ್‌ನ ಹನ್ನೆರಡು ಸ್ವರದ ಪದ್ಧತಿಯನ್ನು ಇವರು 1944ರ ಒಂದು ಚಿತ್ರದಲ್ಲಿ ಇಲಿ ನಾಯಿಯ ತಲೆಯ ಮುಖವಾಡ ಹೊತ್ತು ನಡೆಯುವುದಕ್ಕೆ ಹಾಕಿಬಿಟ್ಟರು! ಸಭಾಂಗಣದಲ್ಲಿ ನುಡಿಸಿದ್ದರೆ ಜನ ಎದ್ದು ಹೋಗುತ್ತಿದ್ದರು. ಇಲಿಯ ಹಿಂದೆ ಬಂದದ್ದರಿಂದ ಲೋಕದ ಮಕ್ಕಳೆಲ್ಲ ತಕರಾರಿಲ್ಲದೆ ಕೇಳಿದರು.

ಅದನ್ನು ಓದಿ ನಾನು ಕನಕಾಂಗಿಗೆ ಕೈಹಾಕಿದೆ. ಮೇಳಕರ್ತದಲ್ಲಿ ಮೊದಲನೆಯದು. ಸ, ರಿ, ಗ ಮೂರೂ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಪ, ದ, ನಿ ಕೂಡ ಹಾಗೇ. ಕಚೇರಿಯಲ್ಲಿ ಹಾಡುವವರು ವಿರಳ. ಇಲಿ ಕಣಜದ ಸಂದಿಯಲ್ಲಿ ನುಸುಳುವುದಕ್ಕೆ ಆ ಇಕ್ಕಟ್ಟಿನ ಸ್ವರಗಳು ಹೇಳಿ ಮಾಡಿಸಿದಂತಿದ್ದವು. ಪಿಟೀಲಿನ ವಿದ್ವಾಂಸರು ಮೊದಲು ಮುಖ ಗಂಟಿಕ್ಕಿದರು. ಪರದೆ ಕಡೆ ಒಮ್ಮೆ ನೋಡಿದ ಮೇಲೆ ಅವರೇ ‘ಬಾಲ ಹೊರಗೆ ಬರುವಾಗ ಅಂತರ ಗಾಂಧಾರ ಹಾಕೋಣ, ಉಸಿರು ಬಿಟ್ಟ ಹಾಗಿರುತ್ತೆ’ ಅಂದರು. ಹಾಕಿದೆವು.

9. ಸದ್ದಿನವರ ಪಕ್ಕ ಕೂರು

ವಾರ್ನರ್‌ನಲ್ಲಿ ಸ್ಟಾಲಿಂಗ್ ಎಷ್ಟು ಮುಖ್ಯವೋ ಸದ್ದು ಜೋಡಿಸುತ್ತಿದ್ದ ಟ್ರೆಗ್ ಬ್ರೌನ್ ಅಷ್ಟೇ ಮುಖ್ಯ. ಗಡಿಗೆ ಒಡೆಯುವ ಜಾಗದಲ್ಲಿ ನಾನೂ ತಾಳ ಬಡಿದು, ಸದ್ದಿನವನೂ ಗಡಿಗೆ ಒಡೆದರೆ ಎರಡೂ ಕೇಳಿಸುವುದಿಲ್ಲ. ಯಾರು ಬಿಡುವುದು ಅನ್ನುವುದು ಚಹಾ ಕುಡಿಯುತ್ತ ತೀರ್ಮಾನವಾಗಬೇಕು. ಮಿಕ್ಸಿಂಗ್ ಟೇಬಲ್ಲಿಗೆ ಹೋದ ಮೇಲೆ ಯಾರ ಗಂಟಲು ದೊಡ್ಡದೋ ಅವರು ಗೆಲ್ಲುತ್ತಾರೆ.

10. ಸುಮ್ಮನಿರುವುದಕ್ಕೂ ಬಿಲ್ಲು ಮಾಡು

ತೋಳ ಬಂಡೆಯಂಚಿನಿಂದ ಹೊರಗೆ ಓಡಿ, ಗಾಳಿಯಲ್ಲಿ ನಿಂತು, ಕೆಳಗೆ ನೋಡುವ ಆ ಗಳಿಗೆ. ಅಲ್ಲಿ ಒಂದು ಸ್ವರವೂ ಬೇಡ. ಇದನ್ನು ನಿರ್ಮಾಪಕರಿಗೆ ವಿವರಿಸಲು ನನಗೆ ಹತ್ತು ವರ್ಷ ಹಿಡಿಯಿತು.

11. ಹೆಸರು ತಡ, ಕಾಗದ ಮೊದಲು

ಸ್ಟಾಲಿಂಗ್ 1972ರಲ್ಲಿ ತೀರಿಕೊಂಡರು. ಅವರ ಸಂಗೀತವನ್ನು ಚಿತ್ರದಿಂದ ಬಿಡಿಸಿ ‘ದ ಕಾರ್ಲ್ ಸ್ಟಾಲಿಂಗ್ ಪ್ರಾಜೆಕ್ಟ್’ ಅಂತ ಆಲ್ಬಂ ಹೊರತಂದದ್ದು 1990ರಲ್ಲಿ. ಹದಿನೆಂಟು ವರ್ಷದ ನಂತರ ಜನ ಕಣ್ಣು ಮುಚ್ಚಿ ಕೇಳಿ ‘ಅರೆ, ಇದು ಸಂಗೀತ!’ ಅಂದರು. ಗೊಂಬೆಯಾಟದವರಿಗೆ ಅಷ್ಟೂ ಸಿಗುವುದು ಕಷ್ಟ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಟಿವಿಯಲ್ಲಿ ನೋಡುತ್ತ ನನಗೆ ಆ ರಾತ್ರಿಯ ಹಲಗೆ ನೆನಪಾಯಿತು. ಠಪ್ ಅನ್ನಿಸಿದ ಆ ತಾಯಿಯ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ.

ಹೆಸರಿನ ಮಾತು ಹಾಗಿರಲಿ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯಿತು. ಅದರ ಪ್ರಕಾರ ಸಿನಿಮಾಕ್ಕೆ ಮಾಡಿದ ಸಂಗೀತ ಚಿತ್ರಮಂದಿರದ ಆಚೆ ಬಳಕೆಯಾದಾಗ ಬರುವ ರಾಯಧನದಲ್ಲಿ ಸಂಗೀತ ಸಂಯೋಜಕನಿಗೂ ಸಮಪಾಲು ಇದೆ. ಅದನ್ನು ಸಹಿ ಹಾಕಿ ನಿರ್ಮಾಪಕರಿಗೆ ಬಿಟ್ಟುಕೊಡಲು ಬರುವುದಿಲ್ಲ. ಅದಕ್ಕೂ ಮುಂಚೆ ನಾನು ಎಷ್ಟೋ ಕಾಗದಗಳಿಗೆ ಓದದೆ ಸಹಿ ಹಾಕಿದ್ದೇನೆ. ಅಪ್ಪ ಮಿಲ್ಲಿನಲ್ಲಿ ಒಂದು ಮೂಟೆ ಕಾಯಿಗೂ ಚೀಟಿ ಬರೆಸಿಕೊಳ್ಳದೆ ಬಿಡುತ್ತಿರಲಿಲ್ಲ. ಅವರ ಮಗ ಐದು ನೂರು ನಿಮಿಷ ಸಂಗೀತವನ್ನು ಬರೀ ಬಾಯಿಮಾತಿನಲ್ಲಿ ಕೊಟ್ಟ. ಪ್ರತಿ ಚಿತ್ರಕ್ಕೂ ಯಾವ ತುಣುಕು ಎಷ್ಟು ಸೆಕೆಂಡು ಅನ್ನುವ ಕ್ಯೂ ಶೀಟನ್ನು ನೀನೇ ಬರೆದು, ದಿನಾಂಕ ಹಾಕಿ, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ.

12. ಟವೆಲ್ ಹೊದಿಸಿ ಕೇಳಿಸು

ಸಂಗೀತ ಮುಗಿಯಿತು ಅನಿಸಿದಾಗ ಪಕ್ಕದ ಮನೆಯ ಮಕ್ಕಳನ್ನು ಮಹಡಿಗೆ ಕರೆಯುತ್ತೇನೆ. ಕಂಪ್ಯೂಟರ್ ಪರದೆಗೆ ಟವೆಲ್ ಹೊದಿಸಿ ಬರೀ ಸದ್ದು ಹಾಕಿ ‘ಈಗ ಬೆಕ್ಕು ಏನ್ ಮಾಡ್ತಿದೆ?’ ಅಂತ ಕೇಳುತ್ತೇನೆ. ಒಂದು ಸುತ್ತು ಚುರುಮುರಿ ಖರ್ಚು, ಅಷ್ಟೇ. ಇವರಷ್ಟು ನಿರ್ದಯವಾಗಿ ಯಾವ ನಿರ್ದೇಶಕರೂ ಹೇಳಿದ್ದಿಲ್ಲ.

ಹೋದ ಭಾನುವಾರ ಆ ನೆಲುವಿನ ಸೀನು ಹಾಕಿದೆ. ತಿಶ್ರ ನಡೆ ಶುರುವಾದಾಗ ‘ನಡೀತಿದೆ’ ಅಂದರು. ನಿಂತಾಗ ‘ಮ್ಯಾಲೆ ನೋಡ್ತಿದೆ’ ಅಂದಳು ಆರು ವರ್ಷದವಳು, ಕೇಳಿ ನನಗೇ ಹೆಮ್ಮೆಯಾಯಿತು. ಕುಗ್ಗಿದ್ದು ಗೊತ್ತಾಯಿತು, ಜಿಗಿದದ್ದು ಗೊತ್ತಾಯಿತು. ಹಗ್ಗ ಹರಿಯಿತು, ಉರುಮೆ ನರಳಿತು, ಬರಿದು ಬಂತು, ಪೆಟ್ಟು ಬಿತ್ತು.

‘ಬೆಕ್ಕು ಬಿತ್ತು!’ ಅಂತ ಎಲ್ಲರೂ ಕೂಗಿದರು.

ಟವೆಲ್ ತೆಗೆದೆ. ಬೆಕ್ಕು ನೆಲುವಿನಲ್ಲೇ ಜೋತಾಡುತ್ತಿದೆ. ಬಿದ್ದದ್ದು ಗಡಿಗೆ.

‘ತಾತ, ಗಡಿಗೆ ಇಷ್ಟು ದಪ್ಪ ಸದ್ದು ಮಾಡಲ್ಲ’ ಅಂದಳು ಆ ಹುಡುಗಿ, ಚುರುಮುರಿ ಪೊಟ್ಟಣ ಬಿಚ್ಚುತ್ತ. ‘ಅದ್ರಾಗೆ ಮಜ್ಜಿಗೆ ಐತೆ. ಚಳ್ ಅನ್ಬೇಕು.’

ಉರುಮೆ ತೆಗೆದಿದ್ದೇನೆ. ಗಡಿಗೆ ಬೀಳುವ ಆ ಹದಿನಾಲ್ಕು ಫ್ರೇಮು ಮತ್ತೆ ಬರೆಯುತ್ತಿದ್ದೇನೆ.